ಕುಂಕುಮ ಅಂದುಕೊಂಡ ತುಕ್ಕು

ತುಕ್ಕನ್ನು ಕುಂಕುಮ ಅಂದುಕೊಂಡ ಎಂಜಿನಿಯರ್ ಇಡೀ ಮೈಸೂರಿನಲ್ಲಿ ನಾನೊಬ್ಬನೇ ಇರಬೇಕು. ಬೇರೆ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಸೇರಿ ಒಂದು ಸಂಘ ಕಟ್ಟೋಣ. ಅಧ್ಯಕ್ಷ ಪದವಿ ಮಾತ್ರ ಬಿಟ್ಟುಕೊಡುವುದಿಲ್ಲ.

ನಾನು ಕೆಲಸ ಮಾಡುವುದು ಊರಾಚೆ, ಬಣ್ಣಕ್ಕೆ ಬೆರೆಸುವ ಪುಡಿ ತಯಾರಿಸುವ ಕಾರ್ಖಾನೆಯಲ್ಲಿ. ಯಂತ್ರಗಳ ರಿಪೇರಿ ನನ್ನ ಪಾಲಿನದು. ಅಲ್ಲಿ ಕಲ್ಲಿನ ಪುಡಿಯನ್ನು ಆಸಿಡ್ ಬೆರೆತ ನೀರಿನಲ್ಲಿ ಕಲಸಿ, ಆ ಬೂದು ರಾಡಿಯನ್ನು ಪಂಪಿನಿಂದ ಮೇಲಿನ ಟ್ಯಾಂಕಿಗೆ ಹತ್ತಿಸುತ್ತಾರೆ. ಪೈಪು ಮೇಲಕ್ಕೆ ತಿರುಗುವ ಕಡೆ ಒಂದು ಬೆಂಡು, ಅಂದರೆ ಬಾಗಿದ ತುಂಡು, ಇದೆ. ಅದರ ಕೆಳಗೇ ವಾಲ್ವು. ವಾಲ್ವಿನ ಹತ್ತಿರ ನಿಲ್ಲುವವರು ಗುತ್ತಿಗೆಯ ಮೇಲೆ ದುಡಿಯುವ ಒಬ್ಬ ಅಕ್ಕ.

ಆಯುಧಪೂಜೆಯ ದಿನ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಪೇಂಟು ಬಳಿದು, ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ವಿಭೂತಿ, ಕುಂಕುಮದ ಜವಾಬ್ದಾರಿ ಅಕ್ಕನದು. ಆ ಬೆಂಡಿಗೆ ಅವರು ಇಟ್ಟದ್ದು ಬೊಟ್ಟಲ್ಲ, ಅಭಿಷೇಕ.

ಹಬ್ಬ ಮುಗಿದು ವಾರವಾದರೂ ಬೆಂಡಿನಿಂದ ಕೆಂಪು ಗೆರೆಯೊಂದು ಇಳಿಯುತ್ತಲೇ ಇತ್ತು. ಒರೆಸಿದೆ. ಮಾರನೇ ದಿನ ಮತ್ತೆ ಇಳಿದಿತ್ತು. ಯಾವ ಅಂಗಡಿಯ ಕುಂಕುಮವೋ, ಬಲೇ ಗಟ್ಟಿ ಎಂದು ಮೆಚ್ಚಿಕೊಂಡೆ. ಸೂಜಿಮೊನೆಯಷ್ಟು ತೂತಿನಿಂದ ಆಸಿಡ್ ನೀರು ಜಿನುಗಿ ತುಕ್ಕಾಗಿ ಇಳಿಯುತ್ತಿದೆ ಎಂದು ಈ ಮಹಾ ತಲೆಗೆ ಹೊಳೆಯಲಿಲ್ಲ. ಬದಲಿಗೆ ಫೋಟೊ ತೆಗೆದು ಕಾರ್ಖಾನೆಯ ವಾಟ್ಸಾಪ್ ಗುಂಪಿಗೆ ಹಾಕಿದೆ: ‘ಅಕ್ಕನ ಕುಂಕುಮದ ಪವರ್ ನೋಡಿ, ಬೆಂಡಿನ ಮೈಮೇಲೆ ದೇವರು ಬಂದಿದೆ.’ ಎಲ್ಲರೂ ನಗುಮುಖ ಕಳಿಸಿದರು, ಮ್ಯಾನೇಜರೂ ಸೇರಿ. ಆ ದಿನವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ವಾರ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಬೆಂಡು ಸೀಳಿತು. ರಾಡಿ ಅಕ್ಕನ ಒಂದು ಕೈಗೆ, ಮೊಣಕೈಯಿಂದ ಕೆಳಗೆ, ಸಿಡಿಯಿತು. ಅವರು ವಾಲ್ವು ಮುಚ್ಚಿಯೇ ನಲ್ಲಿಯ ಕಡೆ ಓಡಿದರು. ಚರ್ಮ ಬೊಬ್ಬೆ ಎದ್ದಿತ್ತು.

ಮಾರನೇ ಬೆಳಿಗ್ಗೆ ಮ್ಯಾನೇಜರು, ಕೈಗೆ ಕಟ್ಟು ಹಾಕಿಸಿಕೊಂಡಿದ್ದ ಅಕ್ಕನನ್ನು ಕರೆಸಿ ತಮ್ಮ ಮೊಬೈಲು ಮುಂದೆ ಹಿಡಿದರು. ಅದರಲ್ಲಿದ್ದದ್ದು ನಾನು ತೆಗೆದ ಫೋಟೊ. ನಾನೂ ಅಲ್ಲೇ ಇದ್ದೆ.

“ಏನಮ್ಮ ಇದು? ಕುಂಕುಮದ ನೀರು ಸುರಿದೂ ಸುರಿದೂ ಪೈಪಿಗೆ ತುಕ್ಕು ಹಿಡ್ಸಿದೀಯಲ್ಲ. ಎಂಜಿನಿಯರೇ ಬರ್ದಿದಾರೆ ನೋಡು.”

“ಚಿಟಿಕೆ ಕುಂಕುಮಕ್ಕೆ ಕಬ್ಬಿಣ ತೂತು ಬೀಳ್ತದಾ ಸಾರ್? ಅಂಗಾದ್ರೆ ನನ್ನ ಹಣೆ ಯಾವತ್ತೋ ತೂತಾಗ್ಬೇಕಿತ್ತು.”

“ವಾದ ಬೇಡ. ನಾಳೆಯಿಂದ ಬರ್ಬೇಡ, ಕಂಟ್ರಾಕ್ಟರಿಗೆ ಹೇಳ್ತೀನಿ.”

ಅಕ್ಕ ನನ್ನ ಕಡೆ ನೋಡಿದರು. ವಾಟ್ಸಾಪಿನ ಹುಲಿ ಫ್ಯಾನು ನೋಡುತ್ತ ನಿಂತಿತ್ತು.

ಅವರು ಗೇಟು ದಾಟಿ ಹೋದದ್ದನ್ನು ಕಂಡ ಮೇಲೆ ಸಿಟ್ಟು ಬಂತು. ಮೊದಲು ನನ್ನ ಮೇಲೆ, ಆಮೇಲೆ ಮ್ಯಾನೇಜರ ಮೇಲೆ. ಹೋಗಿ ಆ ಬೆಂಡನ್ನು ಬಿಚ್ಚಿ ಉದ್ದಕ್ಕೆ ಕೊಯ್ಯಿಸಿದೆ. ಹೊರಗೆ ಹಬ್ಬದ ಹಸಿರು ಪೇಂಟು, ಸೀಳಿದ ಜಾಗ ಬಿಟ್ಟರೆ, ಹಾಗೇ ಫಳಫಳ. ಒಳಗೆ ಚಮಚದಲ್ಲಿ ತೋಡಿದಂತೆ ಗುಳಿಗಳು, ತಿರುವಿನ ಹೊರಬದಿಯಲ್ಲಿ ಕಬ್ಬಿಣ ಹಪ್ಪಳದಷ್ಟು ತೆಳು. ಆಸಿಡ್ ಕಬ್ಬಿಣವನ್ನು ಕಚ್ಚಿ ತುಕ್ಕಿನ ಪದರ ಕಟ್ಟುತ್ತದೆ. ಸುಮ್ಮನೆ ಬಿಟ್ಟರೆ ಆ ಪದರವೇ ಒಂದಿಷ್ಟು ಅಡ್ಡ ನಿಲ್ಲುತ್ತದೆ. ಆದರೆ ಕಲ್ಲಿನ ಪುಡಿ ತಿರುವಿನಲ್ಲಿ ಬಡಿದು ಅದನ್ನು ಕೆರೆದು ಹಾಕುತ್ತದೆ, ಹೊಸ ಕಬ್ಬಿಣ ಮತ್ತೆ ಆಸಿಡ್ಡಿನ ಬಾಯಿಗೆ. ಎರಡೂ ಬೇರೆಬೇರೆಯಾಗಿ ಮಾಡುವ ಹಾಳಿಗಿಂತ ಸೇರಿ ಮಾಡುವ ಹಾಳು ಜಾಸ್ತಿ. ಇದನ್ನೇ ಪರೀಕ್ಷೆಯಲ್ಲಿ ಬರೆದು ಪಾಸಾದ ಗಿರಾಕಿ ನಾನು.

ಮೊದಲು ಅಲ್ಲಿ ಒಳಗೆ ರಬ್ಬರು ಹೊದಿಸಿದ ಬೆಂಡಿತ್ತು. ಅದು ಹೋದಾಗ ಸದ್ಯಕ್ಕಿರಲಿ ಎಂದು ಬರಿ ಕಬ್ಬಿಣದ್ದು ಹಾಕಿಸಿದವರು ಮ್ಯಾನೇಜರು. ಮಾಲು ಸಾಲದು ಎಂದು ಪಂಪಿನ ವೇಗ ಏರಿಸಿದವರೂ ಅವರೇ.

ಬೆಂಡಿನ ಹೋಳನ್ನು ತಂದು ಅವರ ಮೇಜಿನ ಮೇಲೆ ಕುಕ್ಕಿದೆ.

“ಒಳಗಿಂದ ತಿಂದಿದೆ ಸಾರ್, ನೋಡಿ. ಕುಂಕುಮ ಪೇಂಟು ದಾಟಿ ಒಳಕ್ಕೋಗಿ, ತಿಂದು, ಬಾಗಿಲು ಹಾಕ್ಕೊಂಡು ವಾಪಸ್ ಬಂತಾ?”

“ಕುಂಕುಮ ಅಂದೋರು ನೀವೇ ಅಲ್ವೇನ್ರೀ?”

“ನಾನು ದಡ್ಡ ಸಾರ್, ಒಪ್ಕೊಂಡೆ. ದಡ್ಡನ ಜೋಕನ್ನ ಸಾಕ್ಷಿ ಮಾಡ್ಕೊಂಡು ಕೈ ಸುಟ್ಕೊಂಡೋರ ಕೆಲ್ಸ ಕಿತ್ಕೊಂಡ್ರಲ್ಲ, ನಿಮಗೇನನ್ಬೇಕು?”

ನನ್ನ ದನಿ ಕ್ಯಾಂಟೀನಿನವರೆಗೂ ಕೇಳಿಸಿತಂತೆ. ಮ್ಯಾನೇಜರು ಹೋಳನ್ನು ಕಾಗದದಿಂದ ಮುಚ್ಚಿದರು.

“ಆಯ್ತು, ಕೂಗ್ಬೇಡಿ. ಕರ್ಕೊಂಬನ್ನಿ ಆಯಮ್ಮನ್ನ. ಇದ್ರ ಫೋಟೊ ಮಾತ್ರ ಗುಂಪಿಗೆ ಹಾಕ್ಬೇಡಿ.”

ಹೊರಗೆ ಬಂದು ಮೊದಲು ಮಾಡಿದ್ದು ಅದನ್ನೇ. ಈ ಸಲ ಒಬ್ಬರೂ ನಗುಮುಖ ಕಳಿಸಲಿಲ್ಲ.

ಸಂಜೆ ಸರಸ್ವತಿಪುರಂನಲ್ಲಿ ಸ್ವೀಟು ಕಟ್ಟಿಸಿಕೊಂಡು, ಗೆದ್ದು ಬಂದ ದೊರೆಯ ಗತ್ತಿನಲ್ಲಿ, ಸಿದ್ಧಾರ್ಥನಗರದಾಚೆಯ ಅವರ ಮನೆಗೆ ಬೈಕ್ ಓಡಿಸಿದೆ. ಅಕ್ಕ ಬಾಗಿಲಲ್ಲಿ ಕೂತಿದ್ದರು.

“ಕೆಲ್ಸಕ್ಕೆ ಬರ್ಬೇಕಂತೆ ಅಕ್ಕ. ಜಗಳ ಆಡಿ ಒಪ್ಪಿಸ್ದೆ.”

“ಒಡೆದ ಜಾಗಕ್ಕೆ ಎಂಥ ಬೆಂಡು ಹಾಕುದ್ರಿ?”

“ಅದೇ... ಕಬ್ಬಿಣದ್ದು. ರಬ್ಬರಿಂದು ತರಿಸ್ತಾರಂತೆ.”

“ಕೂರ್ಸಿದ್ದು ಯಾರು?”

“ನಾನೇ.”

ಅವರು ಸ್ವೀಟಿನ ಡಬ್ಬಿಯನ್ನು ಒಳ್ಳೆಯ ಕೈಯಿಂದ ನನ್ನ ಕಡೆಗೇ ತಳ್ಳಿದರು.

“ತಕ್ಕೊಂಡೋಗಿ ಸಾರ್. ನನ್ ಪರವಾಗಿ ಜಗಳ ಆಡುದ್ರಿ, ಸಂತೋಷ. ಆದ್ರೆ ಅದ್ರ ಕೆಳಗೆ ನಿಂತ್ಕಳೋಳು ನಾನು, ನೀವಲ್ಲ. ಮೊದ್ಲು ರಬ್ಬರಿಂದು ಹಾಕುಸ್ಬುಟ್ಟು ಬನ್ನಿ. ಬರದೋ ಬ್ಯಾಡ್ವೋ, ಆಮೇಲೆ ನೋಡಾನ.”