ಒಬ್ಬ ಕೋಚಿನ ಮೇಲೆ ನನಗಿದ್ದ ಸಿಟ್ಟು

ನನ್ನ ಸಿಟ್ಟು ಸಾಮಾನ್ಯವಾಗಿ ಬಹಳ ದಿನ ಬಾಳುವುದಿಲ್ಲ. ಮೀನಿನವನ ಮೇಲೆ ಬಂದದ್ದು ಸಾರು ಕುದಿಯುವಷ್ಟರಲ್ಲಿ ಇಳಿಯುತ್ತದೆ. ಗಂಡನ ಮೇಲೆ ಬಂದದ್ದು ಅವರು ತಾವಾಗಿಯೇ ತಟ್ಟೆ ತೊಳೆದಿಟ್ಟ ದಿನ ಇಳಿಯುತ್ತದೆ. ಅದಕ್ಕೆ ಸ್ವಲ್ಪ ಕಾಯಬೇಕಾಗುತ್ತದೆ, ಅಷ್ಟೆ. ಆದರೆ ಒಬ್ಬ ಮನುಷ್ಯನ ಮೇಲೆ ಮಾತ್ರ ನಾನು ವರ್ಷಗಟ್ಟಲೆ ಸಿಟ್ಟು ಸಾಕಿದ್ದೇನೆ. ಅವನನ್ನು ಕಂಡದ್ದು ಟಿವಿಯಲ್ಲಿ. ಅವನ ಭಾಷೆ ನನಗೆ ಬಾರದು, ಅವನ ಆಟದ ನಿಯಮ ಇವತ್ತಿಗೂ ಪೂರ್ತಿ ತಲೆಗೆ ಹೋಗಿಲ್ಲ. ಉತ್ತರದ ಒಂದು ಚಳಿದೇಶದ ಕಿರಿಯರ ಐಸ್ ಹಾಕಿ ತಂಡಕ್ಕೆ ಅವನು ಕೋಚ್ ಆಗಿದ್ದ. ದೇಶದ ಹೆಸರು ಹೇಳುವುದಿಲ್ಲ. ಪಾಪ, ಈಗ ಮೊಮ್ಮಕ್ಕಳನ್ನು ಆಡಿಸಿಕೊಂಡು ಎಲ್ಲೋ ಇದ್ದಾನು. ಶಿರ್ವದ ಒಬ್ಬಳು ಹೆಂಗಸು ಮಸ್ಕತ್ತಿನಲ್ಲಿ ಕೂತು ತನಗೆ ಹಿಡಿಶಾಪ ಹಾಕಿದ್ದಳೆಂದು ಅವನಿಗೆ ಯಾಕೆ ಗೊತ್ತಾಗಬೇಕು?

ಐಸಿಗೂ ನಮಗೂ ಇದ್ದ ಸಂಬಂಧ ಮೀನಿನ ಮೂಲಕ ಬಂದದ್ದು. ನಮ್ಮೂರಲ್ಲಿ ಐಸ್ ಎಂದರೆ ಬಂಗುಡೆಯ ಬುಟ್ಟಿಯಲ್ಲಿ ಇರುವ ವಸ್ತು, ಅದೂ ಮೀನು ಹಳತೆಂಬುದಕ್ಕೆ ಸಾಕ್ಷಿ. "ಐಸ್ ಹಾಕಿದ್ದಾ?" ಎಂದು ಕೇಳಿ ನನ್ನ ಅಮ್ಮ ಮುಖ ತಿರುಗಿಸುತ್ತಿದ್ದಳು. ಮದುವೆಯಾಗಿ ಮಸ್ಕತ್ತಿಗೆ ಬಂದ ಮೇಲಂತೂ ಬೇಸಗೆಯಲ್ಲಿ ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬರುವುದನ್ನು ಕಂಡೆ. ಗೀಸರನ್ನು ಆರಿಸಿಟ್ಟು, ಅದರೊಳಗೆ ನಿಂತು ಆರಿದ ನೀರನ್ನೇ ತಣ್ಣೀರೆಂದು ಸ್ನಾನ ಮಾಡುವ ವಿದ್ಯೆಯನ್ನು ಪಕ್ಕದ ಮನೆಯವರು ಕಲಿಸಿಕೊಟ್ಟರು. ಇಂಥ ಊರಿನಲ್ಲಿ ಕೂತು ನಾವು ಹಿಮದ ಮೇಲಿನ ಆಟಕ್ಕೆ ಗಂಟು ಬಿದ್ದದ್ದು ಹೇಗೆ ಎಂದು ಕೇಳಿದರೆ, ಅದಕ್ಕೆ ನಮ್ಮ ಮಗನೇ ಕಾರಣ, ಮತ್ತು ಅವನು ಆಗ ಅಲ್ಲಿ ಇರಲಿಲ್ಲ ಎಂಬುದೇ ಕಾರಣ.

ತೊಂಬತ್ತರ ದಶಕದ ನಡುವೆ ಗಲ್ಫಿನ ನಮ್ಮಂಥ ಮನೆಗಳಿಗೆ ಒಂದು ಹೊಸ ಜ್ವರ ಬಡಿದಿತ್ತು. ಕರ್ನಾಟಕದಲ್ಲಿ ಇಂಜಿನಿಯರಿಂಗೋ ಮೆಡಿಕಲ್ಲೋ ಸರಕಾರಿ ಸೀಟು ಸಿಗಬೇಕಾದರೆ ಹುಡುಗ ಅಲ್ಲಿಯೇ ಇಂತಿಷ್ಟು ವರ್ಷ ಓದಿರಬೇಕು ಎಂಬ ನಿಯಮದ ಸುದ್ದಿ ಬಂತು. ಇಗರ್ಜಿಯ ಅಂಗಳದಲ್ಲಿ, ಮದುವೆ ಊಟದಲ್ಲಿ ಅದೇ ಮಾತು. ಸೀಟಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಅದು ಆರನೇ ಕ್ಲಾಸಿಗೆ ಬಂದು ನಿಲ್ಲುತ್ತಿತ್ತು. ಮಗು ಮುಂದೆ ಏನಾಗಲು ಬಯಸುತ್ತದೆಂದು ಯಾರಿಗೂ ಗೊತ್ತಿಲ್ಲ, ಮಗುವಿಗಂತೂ ಮೊದಲೇ ಗೊತ್ತಿಲ್ಲ. ಆದರೂ ಹಲ್ಲು ಪೂರ್ತಿ ಬಿದ್ದು ಹುಟ್ಟುವ ಮೊದಲೇ ಅದನ್ನು ವಿಮಾನ ಹತ್ತಿಸುವ ಏರ್ಪಾಡು. ನನ್ನ ಗಂಡ ಲಾರೆನ್ಸ್ ಒಂದು ಕಟ್ಟಡ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಬೇಕಾಗುವ ಸಾಮಾನನ್ನು ಬೇಕಾಗುವ ಮೊದಲೇ ತರಿಸಿಡುವುದು ಅವರ ಕೆಲಸ. ಮಗನ ಸೀಟನ್ನೂ ಅವರು ಹಾಗೆಯೇ ನೋಡಿದರು. ನನ್ನ ಅಭಿಪ್ರಾಯವನ್ನೂ ಕೇಳಿದರು, ಹಾಸ್ಟೆಲಿಗೆ ಅಡ್ವಾನ್ಸ್ ಕಟ್ಟಿ ಆದ ಮೇಲೆ.

ಆ ಜೂನ್‌ನಲ್ಲಿ ಮಗ ರೋಶನ್ ಮಂಗಳೂರಿನಲ್ಲಿ ಇಗರ್ಜಿಯ ಫಾದರುಗಳು ನಡೆಸುವ ಹಾಸ್ಟೆಲಿಗೆ ಹೋದ. ಮಸ್ಕತ್ತಿನ ಬೌಷರಿನಲ್ಲಿದ್ದ ನಮ್ಮ ಫ್ಲಾಟಿನಲ್ಲಿ ನಾವಿಬ್ಬರು ಉಳಿದೆವು. ಅವನ ಕಾರ್ಟೂನಿಗೆಂದು ಹಾಕಿಸಿದ್ದ ಡಿಶ್ ಮಾಳಿಗೆಯ ಮೇಲೆ ಹಾಗೇ ಇತ್ತು. ಕಾರ್ಟೂನಿನ ಚಾನೆಲ್ ಬಂದಾಗಲೆಲ್ಲ ಇಬ್ಬರಲ್ಲಿ ಒಬ್ಬರು ರಿಮೋಟ್ ಒತ್ತಿ ಮುಂದೆ ಹೋಗುತ್ತಿದ್ದೆವು. ಹಾಗೆ ಮುಂದೆ ಹೋಗುತ್ತ ಹೋಗುತ್ತ ಯುರೋಪಿನ ಯಾವುದೋ ಆಟದ ಚಾನೆಲ್ಲಿಗೆ ಬಂದು ನಿಂತದ್ದು ಕ್ರಿಸ್ಮಸ್ಸಿನ ಮರುದಿನ. ಅಲ್ಲಿ ಕಿರಿಯರ ಐಸ್ ಹಾಕಿಯ ಪಂದ್ಯಾವಳಿ ಶುರುವಾಗಿತ್ತು.

ಅವನಿಲ್ಲದ ಮೊದಲ ಕ್ರಿಸ್ಮಸ್ ಅದು. ಹತ್ತು ದಿನದ ರಜೆಗೆ ಅಷ್ಟು ದೂರ ಬಂದು ಹೋಗುವುದು ಬೇಡವೆಂದು ಅವನು ಶಿರ್ವದ ನನ್ನ ಅಣ್ಣನ ಮನೆಯಲ್ಲಿದ್ದ. ನಾನು ಅಭ್ಯಾಸಬಲದಿಂದ ನೆವ್ರಿ, ಕಿಡಿಯೊ, ಚಕ್ಕುಲಿ ಎಂದು ಹಬ್ಬದ ತಿಂಡಿಯೆಲ್ಲ ಮಾಡಿ ಡಬ್ಬ ತುಂಬಿಸಿದ್ದೆ. ತಿನ್ನುವವರಿಲ್ಲ. ನಾವಿಬ್ಬರು ಸೋಫಾದ ಎರಡು ತುದಿಯಲ್ಲಿ ಕೂತು ನಡುವೆ ಡಬ್ಬ ಇಟ್ಟುಕೊಂಡು, ಗೋಡೆಗೆ ಡಿಕ್ಕಿ ಹೊಡೆದುಕೊಳ್ಳುವ ಬಿಳಿ ಹುಡುಗರನ್ನು ನೋಡತೊಡಗಿದೆವು.

ಐಸ್ ಹಾಕಿ ನೋಡುವ ಹೊಸಬರಿಗೆ ಮೊದಲ ಕಷ್ಟವೇನೆಂದರೆ ಚೆಂಡು ಕಾಣುವುದಿಲ್ಲ. ಅದು ಚೆಂಡೂ ಅಲ್ಲ, ಉದ್ದಿನ ವಡೆಯಷ್ಟು ದೊಡ್ಡ ಕಪ್ಪು ಬಿಲ್ಲೆ. ಗೋಲಾದದ್ದು ಗೊತ್ತಾಗುವುದು ಹುಡುಗರು ತಬ್ಬಿಕೊಂಡಾಗ. ಇನ್ನೊಂದು ವಿಚಿತ್ರವೆಂದರೆ ಯಾರೂ ಒಮ್ಮೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಆಡುವುದಿಲ್ಲ. ಬೆಂಚಿನಿಂದ ಐವರು ಅಡ್ಡಗೋಡೆ ಹಾರಿ ಒಳಗೆ ಹೋಗುತ್ತಾರೆ, ಒಳಗಿದ್ದವರು ಏದುಸಿರು ಬಿಡುತ್ತ ಬಂದು ಕೂರುತ್ತಾರೆ. ಯಾರು ಹೋಗಬೇಕು, ಯಾರು ಕೂರಬೇಕು ಎಂದು ಹಿಂದೆ ನಿಂತ ಕೋಚ್ ಹೇಳುತ್ತಾನೆ. ಕೋಟು, ಟೈ, ಬಾಯಲ್ಲಿ ಚೂಯಿಂಗ್ ಗಮ್. ನೋಡಿದರೆ ಬ್ಯಾಂಕ್ ಮ್ಯಾನೇಜರ್ ಎನ್ನಬೇಕು.

ಆ ಬೆಂಚಿನ ತುದಿಯಲ್ಲಿ ಹತ್ತೊಂಬತ್ತನೇ ನಂಬರಿನ ಹುಡುಗನೊಬ್ಬ ಕೂತಿದ್ದ. ಉಳಿದವರಿಗಿಂತ ಸಣ್ಣವನು. ಎಲ್ಲರೂ ಹಾರಿ ಹೋಗುತ್ತಿದ್ದರು, ಬರುತ್ತಿದ್ದರು; ಅವನು ಮಾತ್ರ ಕೋಲಿನ ತುದಿಗೆ ಗದ್ದ ಊರಿ ಕೂತೇ ಇದ್ದ. ನಮ್ಮ ರೋಶನ್ ಊಟದ ಮೇಜಿನ ಬಳಿ ಬ್ಯಾಟಿಗೆ ಗದ್ದ ಊರಿ ಹೀಗೆಯೇ ಕೂರುತ್ತಿದ್ದ, ಹೊರಗೆ ಆಡಲು ಬಿಸಿಲು ಇಳಿಯಲಿ ಎಂದು. ಕ್ಯಾಮೆರಾ ಬೆಂಚಿನ ಕಡೆ ತಿರುಗಿದಾಗಲೆಲ್ಲ ಲಾರೆನ್ಸರ ಕೈ ಡಬ್ಬದಲ್ಲೇ ನಿಲ್ಲುತ್ತಿತ್ತು.

ಮಾರನೆಯ ಪಂದ್ಯಕ್ಕೆ ಇವರು ಆಫೀಸಿನಿಂದ ಬೇಗ ಬಂದರು. ಅದರ ಮಾರನೆಯ ಪಂದ್ಯಕ್ಕೆ ನನ್ನ ಆಫೀಸಿನಿಂದ ನಾನೂ ಬೇಗ ಬಂದೆ. ಹುಡುಗ ಕೂತೇ ಇದ್ದ. ನಮ್ಮ ಮನೆಯಲ್ಲಿ ಕೋಚಿಗೆ ಬೈಗುಳ ಶುರುವಾಯಿತು. ಬೈಯುವುದಕ್ಕೆ ನಮ್ಮ ಕೊಂಕಣಿ ಬಹಳ ಅನುಕೂಲದ ಭಾಷೆ, ಕನ್ನಡಕ್ಕೆ ತಂದರೆ ಅದರ ಖಾರ ಹೋಗುತ್ತದೆ, ಅದಕ್ಕೆ ಬಿಟ್ಟಿದ್ದೇನೆ. ಹೆಚ್ಚೇನು, ಆಫೀಸಿನಲ್ಲಿ ಟೈಪು ಮಾಡುತ್ತಿರುವಾಗಲೂ ನನಗೆ ಆ ಮನುಷ್ಯನ ಜಗಿಯುವ ದವಡೆ ನೆನಪಾಗಿ ಕೀಲಿಗಳನ್ನು ಗಟ್ಟಿಯಾಗಿ ಕುಟ್ಟುತ್ತಿದ್ದೆ.

ನಡುವೆ ಒಂದು ದಿನ ಊರಿಗೆ ಫೋನ್ ಮಾಡಿದೆವು. ಮೊದಲು ರಿಸೀವರ್ ಹಿಡಿದವರು ಲಾರೆನ್ಸ್. ಕನ್ನಡದಲ್ಲಿ ಎಷ್ಟು ಬಂತು, ಗಣಿತಕ್ಕೆ ಟ್ಯೂಷನ್ ಬೇಕಾ, ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತಿ. ಆ ಕಡೆಯಿಂದ "ಯೆಸ್ ಡ್ಯಾಡಿ", "ನೋ ಡ್ಯಾಡಿ". ನನ್ನ ಕೈಗೆ ಬರುವಷ್ಟರಲ್ಲಿ ಮಾತೆಲ್ಲ ಮುಗಿದಿತ್ತು. ಊಟ ಆಯ್ತಾ ಎಂದೆ. ಆಯ್ತು ಎಂದ. ಸೋಫಾಕ್ಕೆ ಮರಳಿ ಬಂದು ಕೂತ ಮೇಲೆ, ಟಿವಿಯ ಕೋಚಿಗೆ ಬೈದದ್ದರಲ್ಲಿ ಅರ್ಧ ಪಾಲು ಪಕ್ಕದಲ್ಲಿ ಕೂತವರಿಗೆ ಸಲ್ಲಬೇಕಾದದ್ದು ಎಂದು ನನಗೆ ಅನಿಸಿತು. ಮಗುವಿನ ಸ್ವರ ಕೇಳಲೆಂದು ಫೋನ್ ಮಾಡಿ ಅಂಕ ಕೇಳುವವರು ಕೋಚ್ ಅಲ್ಲದೆ ಮತ್ತೇನು?

ಕೊನೆಯ ಪಂದ್ಯ ಶುಕ್ರವಾರ ಬಂತು. ಆ ದಿನ ಶೇಖರಣ್ಣನೂ ಇದ್ದರು. ಅವರು ಮಸ್ಕತ್ತಿನಿಂದ ಗಂಟೆಗಟ್ಟಲೆ ದೂರದ ಸಹಮ್‌ನಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿಯಲ್ಲಿದ್ದರು; ಹೆಂಡತಿ ಮಕ್ಕಳು ಊರಲ್ಲಿ, ಕಾಪುವಿನಲ್ಲಿ. ಗುರುವಾರ ಸಂಜೆ ಬಸ್ಸು ಹಿಡಿದು ಬಂದರೆ ಶುಕ್ರವಾರ ನಮ್ಮಲ್ಲಿ ಊಟ. ನಮ್ಮ ಕಡೆಯ ತುಳುವರು ಕ್ರಿಸ್ತುವರನ್ನು ಕರೆಯುವಂತೆ ಲಾರೆನ್ಸರನ್ನು ಪೊರ್ಬುಗಳೇ ಎಂದೂ ನನ್ನನ್ನು ಬಾಯಮ್ಮ ಎಂದೂ ಕರೆಯುವರು. ಆಟದ ಬುಡ ತುದಿ ಗೊತ್ತಿಲ್ಲದಿದ್ದರೂ ಅನ್ನದ ಋಣಕ್ಕೆ ನಮ್ಮ ಜೊತೆ ಕೂತರು.

ಗೆದ್ದರೂ ಸೋತರೂ ಪದಕವಿಲ್ಲದ ಪಂದ್ಯ ಅದು. ಇವತ್ತಾದರೂ ಕೋಚ್ ಆ ಹುಡುಗನನ್ನು ಆಡಲು ಬಿಡುತ್ತಾನೆ ಎಂದು ನಾವು ನಂಬಿದ್ದೆವು. ಲಾರೆನ್ಸ್ ಟಿವಿಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು "ಯಲ್ಲಾ, ಯಲ್ಲಾ, ಈಗ ಕಳಿಸು" ಎನ್ನುತ್ತಿದ್ದರು. ಒಮ್ಮೆ ಹುಡುಗ ಎದ್ದು ನಿಂತ. ನಾನೂ ಎದ್ದೆ. ಅವನು ಬೇರೆಯವನಿಗೆ ನೀರಿನ ಬಾಟಲಿ ಕೊಟ್ಟು ಮತ್ತೆ ಕೂತ. ಆಟ ಮುಗಿದ ಹಾರ್ನ್ ಕೂಗಿತು, ಹುಡುಗರು ಕೈ ಕುಲುಕಲು ಸಾಲು ನಿಂತರು. ಹತ್ತೊಂಬತ್ತನೆಯವನು ಐಸಿನ ಮೇಲೆ ಕಾಲಿಟ್ಟದ್ದು ಆಗ, ಸಾಲಿನ ಕೊನೆಯಲ್ಲಿ.

"ಖಲಾಸ್," ಎಂದರು ಶೇಖರಣ್ಣ.

"ಎಂತ ಖಲಾಸ್?" ಲಾರೆನ್ಸ್ ಗದರಿದರು. "ಒಂದು ನಿಮಿಷ ಬಿಟ್ಟಿದ್ದರೆ ಇವನ ಗಂಟು ಹೋಗ್ತಿತ್ತಾ? ಆ ಹುಡುಗನ ಅಪ್ಪ ಅಮ್ಮ ಎಲ್ಲೋ ಕೂತು ನೋಡ್ತಾ ಇರ್ತಾರೆ. ಅಷ್ಟೂ ತಲೆ ಇಲ್ವಾ ಇವನಿಗೆ?"

"ಕೋಚಿಗೂ ಅವನದ್ದೇ ಲೆಕ್ಕ ಇರ್ತದೆ ಪೊರ್ಬುಗಳೇ. ಸಣ್ಣ ಪ್ರಾಯ ಅಲ್ವಾ. ಮುಂದಿನ ವರ್ಷಕ್ಕೆ ಅಂತ ತಯಾರು ಮಾಡ್ತಾ ಇರಬಹುದು."

"ಮುಂದಿನ ವರ್ಷ ಅವನು ಇಷ್ಟೇ ಸಣ್ಣವ ಇರ್ತಾನಾ ಶೇಖರಣ್ಣ?"

ಹಾಗೆಂದ ಲಾರೆನ್ಸ್ ಅಲ್ಲಿಗೇ ನಿಂತರು. ತಾನು ಯಾರ ವಿಷಯ ಮಾತಾಡುತ್ತಿದ್ದೇನೆಂದು ಅವರಿಗೆ ಆಗ ಹೊಳೆಯಿತು ಎಂದು ಕಾಣುತ್ತದೆ. ಶೇಖರಣ್ಣನಿಗೂ ಹೊಳೆಯಿತು, ಅವರು ಚಕ್ಕುಲಿಯ ಡಬ್ಬವನ್ನು ಮುಚ್ಚಿ, ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕತೊಡಗಿದರು. ನಾನು ಆರು ತಿಂಗಳಿನಿಂದ ನುಂಗಿಕೊಂಡಿದ್ದ ಮಾತನ್ನು ಆಡಿಯೇ ಬಿಟ್ಟೆ.

"ಹಾಗಾದರೆ ನಮ್ಮವನನ್ನು ಕರೆಸಿ."

ಲಾರೆನ್ಸ್ ಟಿವಿ ಆರಿಸಿದರು. ಜಗಳಕ್ಕೆ ನಾನು ಸಿದ್ಧವಾಗಿಯೇ ಇದ್ದೆ. ಸೀಟಿನ ಮಾತು ಬಂದರೆ ಏನು ಹೇಳಬೇಕು, ಜನ ಏನನ್ನುತ್ತಾರೆ ಎಂದರೆ ಏನು ಹೇಳಬೇಕು, ಎಲ್ಲಕ್ಕೂ ನನ್ನಲ್ಲಿ ಉತ್ತರ ಇತ್ತು. ಅವರು ಒಂದನ್ನೂ ಕೇಳಲಿಲ್ಲ.

"ಎರಡು ದಿನದಲ್ಲಿ ಹಾಸ್ಟೆಲ್ ಶುರು ಅಲ್ವಾ? ಈಗಲೇ ಫೋನ್ ಮಾಡು. ಬರ್ತೇನೆ ಅಂದರೆ ನಾಳೆಯೇ ಟಿಕೆಟ್ ಮಾಡ್ತೇನೆ. ಸೀಟು ಗೀಟು ಆಮೇಲೆ ನೋಡುವ."

ಅವಸರದಲ್ಲಿ ನಂಬರ್ ತಪ್ಪಿತು, ಮತ್ತೆ ಒತ್ತಿದೆ. ಅತ್ತಿಗೆ ಎತ್ತಿದಳು. ಅವಳ ಕುಶಲ ವಿಚಾರಿಸಲೂ ನನಗೆ ತಾಳ್ಮೆ ಇರಲಿಲ್ಲ. ಆಮೇಲೆ ಓಡಿ ಬಂದ ಹೆಜ್ಜೆಯ ಸದ್ದು, ಏದುಸಿರು. ಅಂಗಳದಲ್ಲಿ ಆಡುತ್ತಿದ್ದನೇನೋ.

"ರೋಶು, ಅಲ್ಲಿ ಕಷ್ಟ ಆಗ್ತದಾ ಮಗಾ? ಇಲ್ಲಿಗೇ ಬಂದು ಬಿಡ್ತೀಯಾ? ಡ್ಯಾಡಿಯೇ ಕೇಳ್ತಾ ಇದ್ದಾರೆ."

ಅವನು ಗಾಬರಿಯ ಸ್ವರದಲ್ಲಿ, "ಯಾಕೆ ಮಮ್ಮಿ? ಡ್ಯಾಡಿಗೆ ಹುಷಾರಿಲ್ವಾ?"

"ಹುಷಾರಿದ್ದಾರೆ. ಸುಮ್ಮನೆ ಕೇಳಿದ್ದು."

"ಹಾಗಾದರೆ ಬೇಡ ಮಮ್ಮಿ. ಐ ಆಮ್ ಓಕೆ. ಮೊದಲು ಅಳ್ತಿದ್ದೆ, ಈಗ ಇಲ್ಲ. ಅಳುವ ಸಣ್ಣ ಹುಡುಗರಿದ್ದಾರಲ್ಲ, ಅವರನ್ನು ಫಾದರ್ ನನ್ನ ಪಕ್ಕದ ಮಂಚದಲ್ಲಿ ಮಲಗಿಸ್ತಾರೆ. ನಾನು ಮಾತಾಡಿಸ್ತೇನೆ. ಆಮೇಲೆ ಸರಿಯಾಗ್ತಾರೆ. ನಾನು ಹೋಗದಿದ್ದರೆ ಅವರಿಗೆ ಯಾರಿದ್ದಾರೆ?"

ನೀವು ಹುಷಾರಾಗಿರಿ ಎಂದೂ ಹೇಳಿದ. ಫೋನ್ ಇಟ್ಟ. ಮೊದಲು ಅಳುತ್ತಿದ್ದನಂತೆ. ಯಾವ ಫೋನಿನಲ್ಲೂ ಅದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲವಲ್ಲ.

"ಎಂತ ಹೇಳಿದ?" ಲಾರೆನ್ಸ್ ಕೇಳಿದರು. ಅವರ ಕೈಯಲ್ಲಿ ಆಗಲೇ ಪಾಸ್‌ಪೋರ್ಟಿನ ಚೀಲ ಇತ್ತು.

ಹೇಳಿದೆ.

ಮಗನನ್ನು ಗಟ್ಟಿ ಮಾಡು ದೇವರೇ ಎಂದು ಅವನನ್ನು ವಿಮಾನ ಹತ್ತಿಸಿದ ದಿನದಿಂದ ನಾನು ಪ್ರಾರ್ಥಿಸುತ್ತಿದ್ದೆ. ದೇವರು ಕೇಳಿಸಿಕೊಂಡಿದ್ದ, ನಾನು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದ. ನನಗೆ ಮಾತ್ರ ಮಗ ಒಂದು ಸಲ ಗೊಳೋ ಎಂದು ಅತ್ತು, ಬಂದು ಕರೆದುಕೊಂಡು ಹೋಗು ಎನ್ನಬೇಕಿತ್ತು. ಮಕ್ಕಳನ್ನು ದೂರ ಕಳಿಸಿ ಪ್ರಾರ್ಥನೆಗೆ ಕೂರುವ ತಾಯಂದಿರು ಇದನ್ನು ಓದುತ್ತಿದ್ದರೆ, ಕೇಳಿಕೊಳ್ಳುವಾಗ ಸ್ವಲ್ಪ ಕಡಿಮೆ ಕೇಳಿಕೊಳ್ಳಿ ಎಂದಷ್ಟೇ ನನ್ನ ಮಾತು.

ಲಾರೆನ್ಸ್ ಪಾಸ್‌ಪೋರ್ಟಿನ ಚೀಲವನ್ನು ಕಪಾಟಿಗೆ ಹಾಕಿ ಬಂದರು. ಸೋಫಾದ ತಮ್ಮ ತುದಿಗೆ ಹೋಗಲಿಲ್ಲ, ನನ್ನ ಪಕ್ಕದಲ್ಲೇ ಕೂತರು. ಮದುವೆಯಾದಂದಿನಿಂದ ನಾನು ಕಂಡಿರದ ಕಣ್ಣೀರನ್ನು ಅಂಗಿಯ ತೋಳಿನಿಂದ ಒರೆಸಿಕೊಂಡು, ಸ್ಟೋರಿಗೆ ಸಾಮಾನು ತರಿಸುವ ಅದೇ ಸ್ವರದಲ್ಲಿ ಹೇಳಿದರು:

"ಅಳುವವರನ್ನು ಸರಿ ಮಾಡುವ ಹುಡುಗ ಆದರೆ, ರಜೆಯಲ್ಲಿ ಇಲ್ಲಿಗೂ ಒಮ್ಮೆ ಕಳಿಸ್ಲಿಕ್ಕೆ ಹೇಳು ಫಾದರಿಗೆ."