ಹೆಬ್ಬೆಟ್ಟುಗಳ ನಡುವೆ ಒಂದೇ ಸಹಿ

ಸ್ಟಾಂಪ್ ಪ್ಯಾಡಿನ ಮಸಿಗೆ ಒಂದು ವಾಸನೆ ಇರುತ್ತದೆ. ಹಳೇ ಎಣ್ಣೆ, ತುಕ್ಕು ಹಿಡಿದ ತಗಡು, ಒದ್ದೆ ಬಟ್ಟೆ ಮೂರೂ ಕೂಡಿದಂಥದ್ದು. ಹೋದ ವಾರ ಪೋಸ್ಟ್ ಆಫೀಸಿನಲ್ಲಿ ಕೌಂಟರಿನ ಹುಡುಗಿ ಅಂಥ ಡಬ್ಬಿಯೊಂದರ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದಳು. ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಮನುಷ್ಯ ಎದುರಿಗೆ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕಂಕುಳಲ್ಲಿ ಉದ್ದನೆಯ ಪುಸ್ತಕ, ಕೈಯಲ್ಲಿ ಇಂಥದ್ದೇ ಡಬ್ಬಿ...

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ನನ್ನ ಕೈಲಿ ಆಗುವುದಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಬದ್ಲಿ ಕೆಲಸಗಾರ. ಬದ್ಲಿ ಅಂದರೆ, ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಗೇಟಿನ ಮುಂದೆ ನಿಲ್ಲುವುದು. ಖಾಯಂ ಆದವನು ಯಾರಾದರೂ ಬರದಿದ್ದರೆ ಆವತ್ತು ಅವನ ಮಗ್ಗ ನಮಗೆ. ಎಲ್ಲರೂ ಬಂದರೆ ಬುತ್ತಿ ಹಿಡಿದ ಹಾಗೇ ಮನೆಗೆ. ಮೂರು ವರ್ಷ ಹೀಗೆ ನಿಂತಿದ್ದೆ. ಇನ್ನೊಬ್ಬನಿಗೆ ಜ್ವರ ಬರಲಿ ಎಂದು ಬೆಳಗಾದರೆ ಬೇಡಿಕೊಳ್ಳುವ ಬಾಳು ಅದು. ಖಾಯಂ ಆಗಬೇಕು, ಅದೊಂದೇ ಧ್ಯಾನ ನನಗೆ.

ಆ ಮನುಷ್ಯ ಗಿರಣಿಯ ವೆಲ್ಫೇರ್ ಸಾಹೇಬ. ಕೆಲಸಗಾರರ ಕಷ್ಟಸುಖ ನೋಡಲಿ ಎಂದು ಕಂಪನಿ ಇಟ್ಟವನು. ಮೈಸೂರು ಕಡೆಯವನು, ಬಿ.ಎ. ಓದಿದವನು. ಆಗ ಎಲ್ಲೆಲ್ಲೂ ಶ್ರಮದಾನದ ಗಾಳಿ. ಹರಿಹರ ದಾಟಿ ಮಲೆಬೆನ್ನೂರಿನ ದಾರಿಯಲ್ಲಿದ್ದ ಒಂದು ಹಳ್ಳಿಯ ಶಾಲೆಗೆ ನಮ್ಮ ಗಿರಣಿಯ ಕೆಲಸಗಾರರು ಸ್ವಂತ ಮನಸ್ಸಿನಿಂದ ಕೋಣೆ ಕಟ್ಟಿಕೊಡುತ್ತಾರೆ ಎಂದು ಸಾಹೇಬ ಸಾರಿದ. ಸ್ವಂತ ಮನಸ್ಸು ಇರುವ ಬದ್ಲಿಗಳ ಹೆಸರು ಖಾಯಂ ಪಟ್ಟಿಯಲ್ಲಿ ಮೇಲೆ ಬರುತ್ತದೆ ಎಂದು ಗೇಟಿನ ಹತ್ತಿರ ಮೆಲ್ಲಗೆ ಹೇಳಿದ. ಮುಂದಿನ ಭಾನುವಾರ ಲಾರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಲಾರಿ ಹತ್ತುವ ಮೊದಲು ಪುಸ್ತಕ ಬಿಚ್ಚಿ ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡ. ಪಕ್ಕದಲ್ಲಿ ಹೆಸರು ಬರೆದುಕೊಳ್ಳುವ ಗೋಜಿಗೂ ಹೋಗಲಿಲ್ಲ. ತಲೆ ಎಣಿಸಿದರೆ ಸಾಕಾಗಿತ್ತು ಅವನಿಗೆ. ನನ್ನ ಸರದಿ ಬಂತು.

"ನಾ ಸಹಿ ಮಾಡ್ತೀನ್ರಿ."

"ಹೊತ್ತಾಯ್ತು ಕಣಯ್ಯ, ಒತ್ತು."

"ನಾಕನೇ ಕ್ಲಾಸು ಓದೀನ್ರಿ. ಪೆನ್ ಕೊಡ್ರಿ."

"ತಗೊಳ್ಳಪ್ಪ, ಪಂಡಿತ!" ಎಂದ. ಲಾರಿಯಲ್ಲಿದ್ದವರೆಲ್ಲ ನಕ್ಕರು. ನನ್ನಪ್ಪ ಗೌಂಡಿ. ಅವನ ಹಿಂದೆ ಗಾರೆ ಹೊರಲೆಂದು ಶಾಲೆ ಬಿಟ್ಟವನು ನಾನು. ಓದಿದ್ದು ಅಷ್ಟೇ, ಆದರೆ ಹೆಸರು ಬರೆಯುವಷ್ಟು ಓದಿದ್ದೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರೂ ಅಪ್ಪನ ಹೆಸರು ಸೇರಿಸಿ ನಿಧಾನಕ್ಕೆ, ಗುಂಡಗೆ ಬರೆದೆ.

ನನ್ನ ಹಿಂದಿದ್ದವನು ಬದ್ಲಿಗಳಲ್ಲೇ ವಯಸ್ಸಾದವನು. ದೊಡ್ಡಣ್ಣ ಎಂದೇ ಕರೆಯುತ್ತಿದ್ದೆವು. ನನಗಿಂತ ಚೆನ್ನಾಗಿ ಓದು ಬರಹ ಬಲ್ಲವನು. ಅವನು ಸುಮ್ಮನೆ ಹೆಬ್ಬೆಟ್ಟು ಒತ್ತಿ ಮೇಲೆ ಹತ್ತಿದ.

"ಯಾಕ ದೊಡ್ಡಣ್ಣ, ನಿಂಗೆ ಬರೆಯಾಕೆ ಬರಲ್ವಾ?"

"ಹೆಬ್ಬೆಟ್ಟು ಬಾಯಿ ಬಿಡಲ್ಲ ತಮ್ಮ," ಎಂದು ಬೀಡಿ ಹಚ್ಚಿದ. ಆವತ್ತು ನನಗೆ ಅರ್ಥವಾಗಲಿಲ್ಲ.

ಆ ಹಳ್ಳಿಯದು ಅಪ್ಪಟ ಎರೆಭೂಮಿ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದರ ಮೇಲೆ ಗೋಡೆ ನಿಲ್ಲುವುದಿಲ್ಲ. ಗಟ್ಟಿ ಗರಸು ಸಿಗುವ ತನಕ ಪಾಯ ತೋಡಲೇಬೇಕು. ಇದು ಗೌಂಡಿಯ ಮನೆಯ ಕೂಸಿಗೂ ಗೊತ್ತು. ಎರಡು ಮೊಳ ಅಗೆದಾಗ ಸಾಹೇಬ ಸಾಕು ಎಂದ. ಇನ್ನು ಮೂರು ಭಾನುವಾರಕ್ಕೆ ಮಾಲೀಕರು ಬಂದು ಉದ್ಘಾಟನೆ ಮಾಡಬೇಕಂತೆ.

"ಇನ್ನೂ ಗರಸು ಸಿಕ್ಕಿಲ್ರಿ. ಹಿಂಗೇ ಕಲ್ಲಿಟ್ರೆ ಮಳಿಗಾಲಕ್ಕೆ ಬೀಳ್ತೈತೆ."

"ಸೇವೆ ಮಾಡೋಕೆ ಬಂದಿದ್ದೀಯೋ, ನನಗೆ ಬುದ್ಧಿ ಹೇಳೋಕೋ?"

ನಾನು ಗುದ್ದಲಿ ಕೆಳಗಿಟ್ಟು ಕಲ್ಲು ಎತ್ತಿಕೊಂಡೆ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ. ಗೊತ್ತಿದ್ದೂ ಕಲ್ಲಿಟ್ಟೆ. ಖಾಯಂ ಪಟ್ಟಿ ಕಣ್ಣ ಮುಂದೆ ಕುಣಿಯುತ್ತಿತ್ತು. ಆ ಕೆಟ್ಟ ಪಾಯದ ಮೇಲೆ, ನೂಲು ಹಿಡಿದು, ನಾನೇ ನೆಟ್ಟಗೆ ಗೋಡೆ ಎಬ್ಬಿಸಿದೆ.

ಮಧ್ಯಾಹ್ನ ನಮಗೆ ಮಂಡಕ್ಕಿ, ಸಾಹೇಬನಿಗೆ ಪಟೇಲರ ಮನೆಯಲ್ಲಿ ಊಟ. ಉಂಡು ಬಂದವನು ತಲೆಗೆ ಟವೆಲ್ ಸುತ್ತಿಕೊಂಡು ಮಣ್ಣಿನ ಬುಟ್ಟಿ ಹೊತ್ತು ಫೋಟೋ ತೆಗೆಸಿಕೊಂಡ. ಬುಟ್ಟಿ ತುಂಬುತ್ತಿದ್ದವನಿಗೆ "ಮೇಲೆ ಮಾತ್ರ ಕಾಣೋ ಹಾಗೆ ಹಾಕು" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ದೊಡ್ಡಣ್ಣ ಮಂಡಕ್ಕಿ ಮುಕ್ಕುತ್ತಾ, "ನಮ್ಮಜ್ಜನ ಕಾಲದಾಗೆ ಇದಕ್ಕೆ ಬಿಟ್ಟಿ ಅಂತಿದ್ರು. ಈಗ ದಾನ ಅಂತ ಹೆಸರಿಟ್ಟಾರೆ. ಹೆಸರು ಬದಲಾದ್ರೂ ಕೂಸು ಅದೇ ನೋಡು," ಎಂದ.

ಮಾಲೀಕರು ಬಂದರು, ರಿಬ್ಬನ್ ಕತ್ತರಿಸಿದರು. ಸಾಹೇಬ ಭಾಷಣ ಮಾಡಿದ. ಮಳೆ ಹಿಡಿದ ಎರಡನೇ ವಾರಕ್ಕೆ ಹಿಂದಿನ ಗೋಡೆ ಕುಸಿಯಿತು. ಪುಣ್ಯಕ್ಕೆ ಶಾಲೆಗೆ ರಜೆ ಇತ್ತು. ಗೋಡೆ ಮರೆಗೆ ಕಟ್ಟಿದ್ದ ಎಮ್ಮೆಕರು ಒಂದು ಸತ್ತಿತು.

ಮ್ಯಾನೇಜರ್ ನನ್ನನ್ನು ಕರೆಸಿದರು. ಹೋದಾಗ ಮೇಜಿನ ಮೇಲೆ ಆ ಪುಸ್ತಕ ಬಿಚ್ಚಿಟ್ಟಿದ್ದರು. ಪುಟದ ತುಂಬ ನೀಲಿ ಹೆಬ್ಬೆಟ್ಟು, ಯಾವುದು ಯಾರದೆಂದು ಬ್ರಹ್ಮನಿಗೂ ಗೊತ್ತಿಲ್ಲ. ನಡುವೆ ಗುಂಡಗೆ ಒಂದೇ ಹೆಸರು. ಸಾಹೇಬ ಅದರ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ನನಗೆ ತಿಳಿದದ್ದು ನನ್ನ ಹೆಸರು ಮತ್ತು 'ಗೌಂಡಿ' ಎಂಬ ಮಾತು, ಎರಡೇ.

"ಗರಸು ಸಿಕ್ಕಿಲ್ಲ ಅಂತ ನಾ ಹೇಳಿದ್ನೋ ಇಲ್ಲೋ, ಹೇಳ್ರಿ ಸಾಹೇಬ್ರೆ?"

ಅವನು ನನ್ನ ಮುಖ ನೋಡಲಿಲ್ಲ. ಪುಸ್ತಕ ಮುಚ್ಚುತ್ತಾ ಕೇಳಿದ:

"ಹೇಳಿದ್ದಕ್ಕೆ ಸಹಿ ಇದೆಯೇನಯ್ಯ?"

ಮಾರನೆಯ ದಿನದಿಂದ ಗೇಟಿನವನು ನನ್ನನ್ನು ಬದ್ಲಿ ಸಾಲಿಗೂ ಸೇರಿಸಲಿಲ್ಲ. ಜೊತೆಗೆ ಕಲ್ಲು ಹೊತ್ತವರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ. ಆ ವರ್ಷದ ಕೊನೆಗೆ ದೊಡ್ಡಣ್ಣ ಖಾಯಂ ಆದ.

ನಾನು ಅಪ್ಪನ ಕರಣೆ ಹಿಡಿದೆ. ಪಿ.ಜೆ. ಬಡಾವಣೆಯಲ್ಲಿ ನಾನು ಎಬ್ಬಿಸಿದ ಗೋಡೆಗಳು ಇನ್ನೂ ನಿಂತಿವೆ, ಯಾರು ಬೇಕಾದರೂ ನೋಡಬಹುದು. ಗರಸು ಕಾಣದೆ ಒಂದು ಕಲ್ಲನ್ನೂ ಇಡಲಿಲ್ಲ. ಆತುರ ಪಡುವ ಮನೆ ಮಾಲೀಕರಿಗೆ ಬೇರೆ ಗೌಂಡಿ ನೋಡಿಕೊಳ್ಳಿ ಎಂದು ಹೇಳಿ ಎದ್ದು ಬಂದದ್ದೂ ಉಂಟು. ಸಾಹೇಬ ತೀರಿಕೊಂಡ ಸುದ್ದಿ ಬಂದಾಗ ಅಂಥದ್ದೇ ಒಂದು ಪಾಯದೊಳಗೆ ನಿಂತಿದ್ದೆ. ಕಾರ್ಮಿಕರ ಬಂಧು ಹೋದರು ಅಂತ ಯಾರೋ ಪೇಪರು ಓದಿದರು. ಕೈ ನಿಲ್ಲಿಸಲಿಲ್ಲ ನಾನು.

ಈಗ ಆ ಕೈ ನಡುಗುತ್ತದೆ. ಪೋಸ್ಟ್ ಆಫೀಸಿನಲ್ಲಿ ಉಳಿತಾಯದ ದುಡ್ಡು ತೆಗೆಯಲು ಮೂರು ಸಲ ಸಹಿ ಮಾಡಿದೆ, ಮೂರೂ ಹಳೆಯದಕ್ಕೆ ಹೊಂದಲಿಲ್ಲ. "ಬ್ಯಾಸರ ಮಾಡ್ಕಬ್ಯಾಡ್ರಿ ಅಜ್ಜಾರೆ, ಹೆಬ್ಬೆಟ್ಟು ಒತ್ತಿಬಿಡ್ರಿ" ಎಂದಳು ಹುಡುಗಿ. ಜನ್ಮದಲ್ಲಿ ಒತ್ತಬಾರದೆಂದುಕೊಂಡಿದ್ದ ಹೆಬ್ಬೆಟ್ಟನ್ನು ಒತ್ತಿದೆ. ಅದರ ಪಕ್ಕ ಅವಳು ನನ್ನ ಹೆಸರು, ಅಪ್ಪನ ಹೆಸರು ಕೇಳಿ ಕೇಳಿ ಬರೆದುಕೊಂಡಳು.

ಅವಳ ಅಕ್ಷರ ಗುಂಡಗಿತ್ತು. ನನ್ನದೂ ಒಂದು ಕಾಲಕ್ಕೆ ಹಾಗೇ ಇತ್ತು...