ಮಲಗಿದ ಟ್ಯಾಂಕು, ಸಮ ಗೀರಿನ ಕೋಲು

ಅದಿರಿನ ರಾಶಿ ಅಳೆಯಲು ನಾನು ಸಂಡೂರಿನಾಚೆಯ ಒಂದು ಲಾರಿ ಯಾರ್ಡಿಗೆ ಹೋದಾಗ, ಅಲ್ಲಿ ಡೀಸೆಲ್ ಹಾಕುವ ಹುಲಿಗೆಪ್ಪನನ್ನು ಕಳ್ಳನೆಂದು ಕೆಲಸದಿಂದ ತೆಗೆಯುವ ಮಾತು ನಡೆದಿತ್ತು.

ಡೀಸೆಲ್ ಟ್ಯಾಂಕು ಅಡ್ಡ ಮಲಗಿಸಿದ ಪೀಪಾಯಿಯಂತಿತ್ತು. ಅದರೊಳಗೆ ಇಳಿಬಿಟ್ಟು ನೋಡುವ ಕೋಲಿಗೆ ಸೂಪರ್‌ವೈಸರ್ ಸಮ ಅಂತರದಲ್ಲಿ ಗೀರು ಹಾಕಿದ್ದ. ತುಂಬಿದ್ದ ಡೀಸೆಲ್ ಈಗ ಮುಕ್ಕಾಲರ ಗೀರಿಗೆ ಇಳಿದಿತ್ತು. ಪುಸ್ತಕದ ಪ್ರಕಾರ ಲಾರಿಗಳಿಗೆ ಹಾಕಿದ್ದು ಮಾತ್ರ ಟ್ಯಾಂಕಿನ ಐದನೇ ಒಂದು ಭಾಗ.

"ಕಾಲು ಭಾಗ ಖಾಲಿ ಆಗೇತಿ. ಉಳಿದದ್ದು ಎಲ್ಲಿ ಹೋತಲೇ?"

"ದೇವರಾಣಿ ಸಾಹೇಬ್ರ, ಒಂದ್ ಹನಿ ಮುಟ್ಟಿಲ್ರಿ."

ದುಂಡನೆಯ ಟ್ಯಾಂಕು ನಡುವೆ ಅಗಲ, ಮೇಲೆ ಕಿರಿದು. ಅದನ್ನು ತೆಳ್ಳಗಿನ ಪದರಗಳಾಗಿ ಸೀಳಿ ಕೂಡಿಸುವ ಸಮಾಕಲನವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಮೇಲಿನ ಕಾಲು ಎತ್ತರದಲ್ಲಿ ಹಿಡಿಯುವುದೇ ಐದನೇ ಒಂದು ಭಾಗ.

"ಅದು ಪರೀಕ್ಷಾಕ್ಕ ಸರಿ ಸರ. ಇಲ್ಲಿ ಬ್ಯಾಡ್ರಿ," ಎಂದು ಸೂಪರ್‌ವೈಸರ್ ಕಾಗದ ಸರಿಸಿದ.

"ಅರ್ಧಕ್ಕೆ ಇಳಿಯುವ ತನಕ ತಾಳಿ. ಟ್ಯಾಂಕಿನ ಮೇಲರ್ಧ, ಕೆಳಗಿನರ್ಧ ಎರಡೂ ಸಮ, ಅಲ್ಲಿ ಲೆಕ್ಕ ತಾನೇ ಕೂಡುತ್ತದೆ," ಎಂದು ರೇಗಿದೆ.

ಮೂರನೇ ದಿನ ಕೋಲು ಅರ್ಧ ತೋರಿಸಿತು. ಲಾರಿಗಳಿಗೆ ಹಾಕಿದ್ದೂ ಅರ್ಧವೇ, ಲೆಕ್ಕ ಸರಿಯಾಗಿ ಕೂಡಿತು. ಸೂಪರ್‌ವೈಸರ್ ನನ್ನ ಹೆಗಲು ತಟ್ಟಿದ.

"ನೋಡಿದ್ರೇನ್ರಿ? ಬೈದ ಕೂಡ್ಲೆ ಕದ್ದಿದ್ದನ್ನ ತಂದು ಹಾಕ್ಯಾನ. ಕಳ್ಳ ಅನ್ನೋದು ಪಕ್ಕಾ ಆತು!"

ಹುಲಿಗೆಪ್ಪನ ಕೆಲಸ ಹೋಯಿತು. ಕೋಲಿಗೆ ಮಾತ್ರ ಹೊಸ ಬಣ್ಣ ಬಳಿದರು, ಅವೇ ಗೀರುಗಳು ಚೆನ್ನಾಗಿ ಕಾಣಲಿ ಎಂದು.